ಬಗ್ಗಲಾರದ ಸೊಂಟಕ್ಕೊಂದು ಮಷೀನು

ಅಂಗಡಿಗೆ ಕಾಲಿಟ್ಟ ಗಿರಾಕಿಯ ಕಣ್ಣು ನಿಮ್ಮನ್ನು ದಾಟಿ, ನಿಮ್ಮ ಬೆನ್ನ ಹಿಂದೆ ನಿಂತವನನ್ನು ಹುಡುಕಿದರೆ ಹೊಟ್ಟೆಯೊಳಗೆ ಹೇಗಾಗುತ್ತದೆ ಎಂಬುದನ್ನು ಯಾವ ಕಂಪನಿಯ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ನಾನು ಅದನ್ನು ಕಲಬುರಗಿಯ ಒಂದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ನಿಂತು ನಿಂತು ಕಲಿತೆ. ಈಗ ಈ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನ ಹತ್ತಿರ ಬಂದು ಟಾರ್ಗೆಟ್ ಮುಟ್ಟುವುದು ಹೇಗೆ ಎಂದು ಕೇಳುತ್ತಾರೆ. ಅದನ್ನು ನಿಮ್ಮ ಮ್ಯಾನೇಜರು ದಿನಾ ಬೆಳಿಗ್ಗೆ ಹೇಳುತ್ತಾರೆ. ನಾನು ಹೇಳಬೇಕೆಂದಿರುವುದು ಬಟ್ಟೆ ಒಗೆಯುವ ಮಷೀನುಗಳ ಬಗ್ಗೆ, ವಯಸ್ಸಾದವರ ಸೊಂಟದ ಬಗ್ಗೆ, ಮತ್ತು ನನ್ನ ಜೊತೆ ಕೆಲಸ ಮಾಡಿದ ಗುರುನಾಥನ ಬಗ್ಗೆ. ಮೂರನ್ನೂ ಬಿಡಿಸಿ ಬೇರೆ ಬೇರೆಯಾಗಿ ಹೇಳಲು ನನಗೆ ಬರುವುದಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನಾನು ಸೇರಿದಾಗ ಅಂಗಡಿಯಲ್ಲಿ ಫ್ಯಾನು, ಇಸ್ತ್ರಿ, ಮಿಕ್ಸರ್ ಬಿಟ್ಟರೆ ಹೆಚ್ಚೇನಿರಲಿಲ್ಲ. ಮಾಲೀಕರನ್ನು ನಾವು ಸಾವ್ಕಾರ್ರು ಎನ್ನುತ್ತಿದ್ದೆವು. ಅವರ ಮನೆತನ ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರ ಮಾಡಿಕೊಂಡು ಬಂದದ್ದು. "ತೊಗರಿ ಕೈಯಾಗ ಹಿಡದ್ರ ತಾನೇ ಮಾತಾಡ್ತದ. ಮಷೀನ್ ಮಾತಾಡಂಗಿಲ್ಲ, ಶರಣಪ್ಪ. ನೀ ಮಾತಾಡಬೇಕು" ಎಂದು ಮೊದಲ ದಿನವೇ ಹೇಳಿದರು. ನಾನು ಮಾತಾಡಿದೆ. ಮೊದಲ ವಾಷಿಂಗ್ ಮಷೀನು ಬಂದು ಗಾಜಿನ ಹಿಂದೆ ನಿಂತಾಗ ಜನ ಅದನ್ನು ನೋಡಲು ಬರುತ್ತಿದ್ದರು, ಕೊಳ್ಳಲು ಅಲ್ಲ. "ಮನ್ಯಾಗ ಹೆಣ್ಮಕ್ಕಳ ಇರೂವಾಗ ಇದ್ಯಾಕ್ರೀ?" ಎಂದು ಕೇಳಿದವರಿಗೂ ನಾನು ನಿಂತಲ್ಲೇ ಅದರ ಮೋಟಾರು, ಟೈಮರು, ತೊಟ್ಟಿಯ ಗುಣ ಎಲ್ಲ ಹಾಡಿನ ಹಾಗೆ ಹೇಳುತ್ತಿದ್ದೆ. ಆ ವರ್ಷಗಳಲ್ಲಿ ಗಿರಾಕಿಗಳು ಹೆಸರು ಹಿಡಿದು ಕೇಳುತ್ತಿದ್ದದ್ದು ನನ್ನನ್ನೇ. ಅಂಥ ದಿನಗಳನ್ನು ಕಂಡವನನ್ನು ಮುಂದಿನ ದಿನಗಳು ಹೆಚ್ಚು ಉರಿಸುತ್ತವೆ.

ಎರಡು ತೊಟ್ಟಿಯ ಮಷೀನುಗಳು, ಅಂದರೆ ಒಂದರಲ್ಲಿ ಒಗೆದು ಇನ್ನೊಂದರಲ್ಲಿ ಹಿಂಡುವ ಸೆಮಿಗಳು, ಊರಲ್ಲಿ ಓಡತೊಡಗಿದ ಕಾಲಕ್ಕೆ ಗುರುನಾಥ ಬಂದ. ಕಮಲಾಪುರದವನು. ಅಲ್ಲಿ ಮೋಟಾರ್ ಸುತ್ತುವ ಕೆಲಸ ಮಾಡಿಕೊಂಡಿದ್ದ. ದೊಡ್ಡ ಮೈ, ಅದಕ್ಕಿಂತ ದೊಡ್ಡ ನಗು. ದಿನಾ ಮೊದಲ ಬಸ್ಸಿಗೆ ಬರುತ್ತಿದ್ದ, ಬರುವಾಗ ಸಾವ್ಕಾರ್ರಿಗೆ ತನ್ನ ಊರಿನ ಕೆಂಪು ಬಾಳೆಹಣ್ಣು ತರುತ್ತಿದ್ದ. ಬಾಳೆಹಣ್ಣು ಕೊಟ್ಟೇ ಅವನು ಗಿರಾಕಿಗಳಿಗೆ ಮೊದಲು ಕಾಣುವ ಮುಂದಿನ ಕುರ್ಚಿ ಹಿಡಿದ ಎಂದು ನಾನು ಮನೆಯಲ್ಲಿ ಹೇಳುತ್ತಿದ್ದೆ. ಅದು ಹಾಗಲ್ಲ ಎಂಬುದು ಹೇಳುವಾಗಲೇ ನನಗೆ ಗೊತ್ತಿರುತ್ತಿತ್ತು.

ಅವನ ರೀತಿಯೇ ಬೇರೆ. ಮಷೀನಿನ ಗುಣಗಾನ ಮಾಡುತ್ತಲೇ ಇರಲಿಲ್ಲ. ಮಗನ ಜೊತೆ ಬಂದ ತಾಯಿಯನ್ನು ಮಷೀನಿನ ಮುಂದೆ ನಿಲ್ಲಿಸಿ, ತನ್ನ ಕರ್ಚೀಫನ್ನು ತೊಟ್ಟಿಯೊಳಗೆ ಎಸೆದು, "ಅವ್ವಾ, ಅದನ್ನ ತೆಗೀರಿ ನೋಡೂಣು" ಎನ್ನುತ್ತಿದ್ದ. ಆ ತಾಯಿ ಕೈ ಹಾಕುವಾಗ ಮುಖ ಕಿವುಚಿದರೆ "ಇದು ನಿಮಗ ಬ್ಯಾಡ" ಎಂದು ಮುಂದಿನದಕ್ಕೆ ಕರೆದೊಯ್ಯುತ್ತಿದ್ದ. ಇದೇನು ಸರ್ಕಸ್ಸು ಎಂದುಕೊಳ್ಳುತ್ತಿದ್ದೆ ನಾನು. ಒಂದು ವರ್ಷದೊಳಗೆ ಜನ ಬಾಗಿಲಲ್ಲೇ ನಿಂತು "ಗುರುನಾಥ ಇಲ್ಲೇನ್ರೀ?" ಎಂದು ಕೇಳತೊಡಗಿದರು. ಕೇಳುತ್ತಿದ್ದದ್ದು ಯಾರನ್ನು? ನನ್ನನ್ನು.

ಬ್ರಹ್ಮಪುರದ ರಮಾಬಾಯಿಯವರ ಕಥೆಯನ್ನು ಇಲ್ಲೇ ಹೇಳಬೇಕು. ಗಂಡ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮನೆಯೊಳಗೆ ಮರಾಠಿ, ಹೊರಗೆ ಕನ್ನಡ. ಮಡಿಬಟ್ಟೆಯನ್ನು ಬೇರೆಯವರ ಕೈಗೆ ಕೊಡದ ಹೆಂಗಸು. ಆದರೆ ಸೊಂಟ ಕೈಕೊಟ್ಟಿತ್ತು. ಗಂಡಹೆಂಡತಿ ಬಂದ ದಿನ ಗುರುನಾಥ ರಜೆಯಲ್ಲಿದ್ದ. ನನಗೆ ಸಿಕ್ಕ ಅವಕಾಶ. ಮೇಲಿಂದ ಬಟ್ಟೆ ಹಾಕುವ, ಒಗೆಯುವುದು ಹಿಂಡುವುದು ಎಲ್ಲ ತಾನೇ ಮಾಡುವ ದೊಡ್ಡ ಮಷೀನನ್ನು ತೋರಿಸಿ, "ಬಗ್ಗೂ ಮಾತೇ ಇಲ್ರಿ ಬಾಯಿಯವರ. ನಿಂತು ಹಾಕ್ರಿ, ನಿಂತು ತೆಗೀರಿ" ಎಂದೆ. ಅಂಗಡಿಯಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ. ಹಾಗಾಗಿ ಅದಕ್ಕಿಂತ ಒಳ್ಳೆಯದೂ ಇಲ್ಲ ಎಂದು ನಾನು ತಿಳಿದಿದ್ದೆ.

ಸ್ವಲ್ಪ ದಿನಕ್ಕೆ ಶಿರಸ್ತೇದಾರರು ಅಂಗಡಿಗೆ ಬಂದರು. ಎಲ್ಲರಿಗೂ ಕೇಳುವಂತೆ, ಕೋರ್ಟಿನ ದನಿಯಲ್ಲಿ ಹೇಳಿದರು: "ಶರಣಪ್ಪನವರ, ನಿಂತು ಹಾಕ್ತಾಳ, ಖರೆ. ತೆಗೀಲಿಕ್ಕೆ ಮಾತ್ರ ಒಳಗ ಇಳೀಬೇಕಾಗ್ಯದ."

ಅವರ ಮನೆಗೆ ಹೋಗಿ, ಹೊಸ್ತಿಲಲ್ಲಿ ನಿಂತೇ ನೋಡಿದೆ. ರಮಾಬಾಯಿ ಗಿಡ್ಡ ಹೆಂಗಸು. ಮಷೀನಿನ ತೊಟ್ಟಿ ಆಳ. ಒಗೆದ ಬಟ್ಟೆ ಹಿಂಡಿಕೊಂಡು ತಳಕ್ಕೆ ಅಂಟಿ ಕೂತಿರುತ್ತಿತ್ತು. ಅವರು ಮಣೆಯ ಮೇಲೆ ಹತ್ತಿ, ಮಷೀನಿನ ಅಂಚು ಹೊಟ್ಟೆಗೆ ಒತ್ತುವಂತೆ ಬಾಗಿ, ಮಡಿಬಟ್ಟೆ ಹರವುವ ಕೋಲಿನಿಂದ ಒಂದೊಂದನ್ನೇ ಎತ್ತುತ್ತಿದ್ದರು. "ನೋಡ್ರಿ, ಮೊದ್ಲ ಕಲ್ಲಿನ ಮ್ಯಾಲ ಬಗ್ತಿದ್ದೆ. ಈಗ ಬಾವ್ಯಾಗ ಬಗ್ಲಿಕತ್ತೀನಿ" ಎಂದರು. ನನಗೆ ಒಳಗೆ ಬಂದು ಕೂಡಿ ಎನ್ನಲಿಲ್ಲ. ಮಾತೆಲ್ಲ ಹೊಸ್ತಿಲಲ್ಲೇ ಮುಗಿಯಿತು.

ಸಾವ್ಕಾರ್ರು ಗುರುನಾಥನನ್ನು ಕಳಿಸಿದರು. ಅವನು ಆ ಮಷೀನನ್ನು ವಾಪಸು ತಂದು, ಆಗಷ್ಟೇ ನಮ್ಮ ಕಡೆ ಬರತೊಡಗಿದ್ದ, ಮುಂಭಾಗದಲ್ಲಿ ದುಂಡು ಬಾಗಿಲಿರುವ ಮಷೀನನ್ನು ಕೊಟ್ಟ. ಅದು ನೆಲದ ಮೇಲಿದ್ದರೆ ಕುಕ್ಕರಗಾಲಲ್ಲಿ ಕೂತೇ ಬಟ್ಟೆ ತೆಗೆಯಬೇಕು. ರಮಾಬಾಯಿಗೆ ಅದೂ ಆಗದು. ಆದ್ದರಿಂದ ನಂದೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಎತ್ತರದ ಸ್ಟ್ಯಾಂಡ್ ಮಾಡಿಸಿ ಅದರ ಮೇಲೆ ಇಟ್ಟ. ಬಾಗಿಲು ಸರಿಯಾಗಿ ಅವರ ಎದೆಯ ಕೆಳಗೆ ಬಂತು.

ಮರುದಿನ ಬೆಳಿಗ್ಗೆ ಸುದ್ದಿ ಬಂತು. ಮಷೀನು ಹಿಂಡಲು ಸುರುಮಾಡಿದಾಗ ಸ್ಟ್ಯಾಂಡ್ ಗಡಗಡ ನಡುಗಿ, ಪೂರಾ ಮಷೀನು ಹೆಜ್ಜೆ ಹಾಕುತ್ತ ಬಾಗಿಲ ಕಡೆ ಹೊರಟಿತಂತೆ. ಗೋಡೆಯ ಮಾಡದಲ್ಲಿದ್ದ ತಾಮ್ರದ ತಂಬಿಗೆಗಳು ಉರುಳಿದವಂತೆ. ಪೂಜೆಗೆ ಕೂತಿದ್ದ ಶಿರಸ್ತೇದಾರರು ಭೂಕಂಪವೆಂದು ಎದ್ದು ಓಡಿ ಬಂದರಂತೆ. ನಾನು ಅಂದು ಎರಡನೇ ಚಹಾ ತರಿಸಿ ಕುಡಿದೆ. ಗುರುನಾಥ ರಿಪೇರಿಗೆ ಹೊರಟಾಗ "ನಾನೂ ಬರ್ತೀನಿ, ಎತ್ತಾಕ ಒಬ್ರು ಬೇಕಾಗ್ತದ" ಎಂದು ಜೊತೆಗೆ ಹೋದೆ. ನನ್ನನ್ನು ನಿಲ್ಲಿಸಿದ ಹೊಸ್ತಿಲಲ್ಲಿ ಅವನನ್ನೂ ನಿಲ್ಲಿಸುವುದನ್ನು ನೋಡಬೇಕಿತ್ತು.

ಬಾಗಿಲು ತೆಗೆದ ರಮಾಬಾಯಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. "ಗುರುನಾಥಾ, ನಿನ್ನ ಮಷೀನ್ ನಡಕೋತ ಪಂಢರಪುರಕ್ಕ ಹೊಂಟಿತ್ತೋ ಮಾರಾಯಾ!"

"ನಿಮ್ಮನ್ನ ಬಿಟ್ಟು ಒಂದ ಹೊಂಟಿತ್ತೇನ್ರಿ? ಎಂಥ ಕೃತಘ್ನ ಮಷೀನ್ ಇದು!" ಎಂದ ಅವನು.

ಒಳಗೆ ಕೂಡಿಸಿ ಅವಲಕ್ಕಿ ಕೊಟ್ಟರು. ಅವನ ಜೊತೆಗೆ ಬಂದವನೆಂದು ನನಗೂ ಕೊಟ್ಟರು. ನನ್ನ ತಪ್ಪು ಅಂಗಡಿಗೆ ಬಂದ ದೂರಾಯಿತು, ಅವನ ತಪ್ಪು ಮನೆಮಂದಿಯೆಲ್ಲ ನಗುವ ಕಥೆಯಾಯಿತು. ಇದಕ್ಕೆ ಕಾರಣವೇನೆಂದು ಇಷ್ಟು ವರ್ಷ ಯೋಚಿಸಿದ್ದೇನೆ. ಅವನು ನಗುತ್ತಿದ್ದ, ನಾನು ಸಮರ್ಥಿಸಿಕೊಳ್ಳುತ್ತಿದ್ದೆ ಎಂಬುದಷ್ಟೇ ಕಾರಣವಿರಬಹುದು. ಅಷ್ಟೇ ಆಗಿದ್ದರೆ ಇನ್ನೂ ಅನ್ಯಾಯ.

ಕೊನೆಗೆ ಕಬ್ಬಿಣ ತೆಗೆದು ಗೌಂಡಿಯಿಂದ ಇಟ್ಟಿಗೆ ಸಿಮೆಂಟಿನ ಗಟ್ಟಿ ಕಟ್ಟೆ ಕಟ್ಟಿಸಿದ. ಮಷೀನು ಮತ್ತೆ ಅಲುಗಲಿಲ್ಲ. ಈ ಕೆಲಸಕ್ಕೆ ಬರುವವರು ಇಷ್ಟನ್ನು ಬರೆದಿಟ್ಟುಕೊಳ್ಳಿ: ಮುಂಬಾಗಿಲಿನ ಮಷೀನು ವಯಸ್ಸಾದವರಿಗೆ ಒಳ್ಳೆಯದೇ, ಆದರೆ ಕಟ್ಟೆಯಿದ್ದರೆ ಮಾತ್ರ, ಅದೂ ಭಾರ ತಡೆದು ಅಲುಗದ ಕಟ್ಟೆ. ಮೇಲಿಂದ ಹಾಕುವ ಮಷೀನು ಕೊಡುವ ಮುಂಚೆ ಅವರ ಕೈ ತಳ ಮುಟ್ಟುತ್ತದೆಯೇ ನೋಡಿ. ಬಟ್ಟೆ ಹಾಕುವಾಗಿನದಲ್ಲ, ತೆಗೆಯುವಾಗಿನ ಮುಖ ನೋಡಿ.

ಅಂದಿನಿಂದ ನಾನೂ ತೊಟ್ಟಿಯೊಳಗೆ ಬಟ್ಟೆ ಎಸೆದು ತೆಗೆಸಿ ನೋಡತೊಡಗಿದೆ. ಅವನನ್ನು ನಕಲು ಮಾಡಿದ ಎಂದು ಯಾರೂ ಅನ್ನಬಾರದೆಂದು ಕರ್ಚೀಫಿನ ಬದಲು ಟವೆಲ್ ಎಸೆಯುತ್ತಿದ್ದೆ.

ಮುಂದಿನ ವರ್ಷಗಳಲ್ಲಿ ಮಷೀನುಗಳು ಬದಲಾದವು. ಗುಂಡಿ ತಿರುಗಿಸುವುದು ಹೋಗಿ ಒತ್ತುವುದು ಬಂತು. ಕಂಪನಿಯವರು ಹೈದರಾಬಾದಿಗೆ ತರಬೇತಿಗೆ ಒಬ್ಬರನ್ನು ಕಳಿಸಿ ಎಂದಾಗ ಸಾವ್ಕಾರ್ರು ಕಳಿಸಿದ್ದು ಗುರುನಾಥನನ್ನು. ಹಿರಿಯನಾದ ನಾನು ಅವನ ಟಿಕೆಟ್ ತೆಗೆಸಿ ತಂದುಕೊಟ್ಟೆ. ಅವನು ಹೈದರಾಬಾದಿನಲ್ಲಿದ್ದಾಗಲೇ ಕಮಲಾಪುರದಿಂದ ಫೋನು ಬಂತು. ನರ್ಸಾಗಿ ನಿವೃತ್ತರಾದ ಲಕ್ಷ್ಮೀಬಾಯಿ ಮೆಟ್ಟಿಲಿಂದ ಬಿದ್ದು ಬೆನ್ನಿಗೆ ಪೆಟ್ಟಾಗಿತ್ತು. ಇನ್ನು ಬಗ್ಗಲೇಬಾರದೆಂದು ಡಾಕ್ಟರು ಹೇಳಿದ್ದರು. ಗುರುನಾಥ ಬಂದು ಒಂದು ಮಷೀನು ಆರಿಸಿಕೊಡಲಿ ಎಂದು ಅವರ ಬೇಡಿಕೆ.

"ಶರಣಪ್ಪ, ನೀನೇ ಹೋಗಿ ಬಾ" ಎಂದರು ಸಾವ್ಕಾರ್ರು.

ಲಕ್ಷ್ಮೀಬಾಯಿಯವರ ಮನೆ ಗುರುನಾಥನ ಓಣಿಯಲ್ಲೇ. ಓಣಿಯ ಮುಕ್ಕಾಲು ಮಕ್ಕಳು ಅವರ ಕೈಯಲ್ಲಿ ಹುಟ್ಟಿದವರು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವರು ಬಿಳಿ ಸೀರೆಯುಟ್ಟು ಡ್ಯೂಟಿಯಲ್ಲಿ ನಿಂತ ಫೋಟೋ. ನನ್ನನ್ನು ನೋಡಿ "ಗುರುನಾಥ ಬರ್ಲಿಲ್ಲೇನ್ರಿ?" ಎಂದರು.

"ಊರಾಗಿಲ್ರಿ. ನಾ ಬಂದೀನಿ."

"ಬರ್ರಿ ಬರ್ರಿ. ಯಾರ್ ಬಂದ್ರೂ ನಡೀತದ."

ಆ ಮಾತು ನುಂಗಿಕೊಂಡು ಹಿತ್ತಿಲಿಗೆ ಹೋದೆ. ಈ ಸಲ ಬಾಯಿ ತೆರೆಯಬಾರದೆಂದು ಬಸ್ಸಿನಲ್ಲೇ ನಿರ್ಧರಿಸಿದ್ದೆ. ದಿನಾ ಬಟ್ಟೆ ಒಗೆಯುವುದನ್ನು ಮೊದಲಿನಿಂದ ಕೊನೆಯವರೆಗೆ ಹಾಗೇ ಮಾಡಿ ತೋರಿಸಿ ಎಂದೆ. ಒಗೆಯುವುದು ಬೇಡ, ಬರೀ ಅಭಿನಯ ಸಾಕು. ಅವರು ತೋರಿಸಿದರು. ತೊಟ್ಟಿಯಿಂದ ನೀರು ತುಂಬಲು ಬಗ್ಗಿದರು. ನೆಲದ ಮೇಲಿನ ಸೋಪಿನ ಡಬ್ಬಿಗೆ ಬಗ್ಗಿದರು. ಕಲ್ಲಿನ ಮುಂದೆ ಬಗ್ಗಿದರು. ಆಮೇಲೆ ನೆಲಕ್ಕಿಟ್ಟ ಬಕೀಟಿನಿಂದ ಒಂದೊಂದು ಬಟ್ಟೆಗೂ ಬಗ್ಗಿ, ಎದ್ದು, ಕೈ ಎತ್ತಿ ಎತ್ತರದ ಹಗ್ಗಕ್ಕೆ ಹಾಕಿದರು. ಆಗ ನನಗೆ ಹೊಳೆಯಿತು. ನಾವು ಯಾವ ಮಷೀನು ಕೊಟ್ಟರೂ ಕಲ್ಲಿನ ಮುಂದಿನ ಬಗ್ಗಾಟವೊಂದೇ ತಪ್ಪುತ್ತದೆ. ಮಿಕ್ಕದ್ದೆಲ್ಲ ಮಷೀನಿನ ಆಚೆ ಈಚೆ ಹಾಗೇ ಉಳಿಯುತ್ತದೆ.

ಕಮಲಾಪುರದಲ್ಲಿ ನಲ್ಲಿ ನೀರಿಗೆ ಆಗ ಒತ್ತಡವಿರಲಿಲ್ಲ, ಕರೆಂಟಿನ ಭರವಸೆಯೂ ಇರಲಿಲ್ಲ. ಎಲ್ಲ ತಾನೇ ಮಾಡುವ ಮಷೀನು ಅಲ್ಲಿ ನೀರಿಗಾಗಿ ಕಾಯುತ್ತ ನಿಂತುಬಿಡುತ್ತದೆ. ಅದಕ್ಕೇ ಎರಡು ತೊಟ್ಟಿಯ ಸೆಮಿ ಆರಿಸಿ, ಮರುದಿನ ತರಿಸಿದೆ. ಆಳ ಕಡಿಮೆ, ಎತ್ತರ ಸೊಂಟದ ಮಟ್ಟಕ್ಕೆ. ಒದ್ದೆ ಸೀರೆಯನ್ನು ಪಕ್ಕದ ತೊಟ್ಟಿಗೆ ಸರಿಸುವಾಗ ಒಂದೊಂದಾಗಿ ಸರಿಸಿದರೆ ಬೆನ್ನಿಗೆ ಭಾರವಿಲ್ಲ. ಕಲ್ಲಿನ ಚಪ್ಪಡಿಯ ಮೇಲೆ ನಲ್ಲಿಯಿರುವ ಡ್ರಮ್ಮು ಇಡಿಸಿ, ಅದನ್ನು ತುಂಬಿಡಲು ಓಣಿಯ ಹುಡುಗರನ್ನು ಒಪ್ಪಿಸಿ, ಅಲ್ಲಿಂದ ಮಷೀನಿಗೆ ರಬ್ಬರ್ ಪೈಪು ಎಳೆದೆ. ಕೊಳೆ ನೀರಿನ ಪೈಪನ್ನು ನೇರ ಮೋರಿಗೆ ಬಿಟ್ಟೆ. ನೆಲದ ಹತ್ತಿರವಿದ್ದ ಸ್ವಿಚ್ಚು ಮೇಲೇರಿತು. ಸೋಪು ಕಿಟಕಿಗೆ ಬಂತು. ಬಟ್ಟೆಯ ಬುಟ್ಟಿಗೆ ಒಂದು ಎತ್ತರದ ಸ್ಟೂಲು. ಹಗ್ಗವನ್ನು ಭುಜದ ಮಟ್ಟಕ್ಕಿಳಿಸಿದೆ, ಕ್ಲಿಪ್ಪುಗಳ ಚೀಲವನ್ನು ಅದೇ ಹಗ್ಗಕ್ಕೆ ಕಟ್ಟಿದೆ.

ಲಕ್ಷ್ಮೀಬಾಯಿ ಒಂದು ಸುತ್ತು ಬಟ್ಟೆ ಒಗೆದು ಹರವಿದರು. ಮುಗಿದ ಮೇಲೆ ಹಗ್ಗ ಹಿಡಿದು ನಿಂತರು. "ಎಲ್ಲೆರ ಬಗ್ಗಿದ್ರೇನ್ರಿ?" ಎಂದೆ.

"ಇಲ್ಲಲ್ರೀ!" ಎಂದರು. ಆಮೇಲೆ, "ಡಾಕ್ಟ್ರು ಬಗ್ಗಬ್ಯಾಡ ಅಂದ್ರ, ಅಷ್ಟೇ. ಬಗ್ಗದ ಹ್ಯಾಂಗ ಬದುಕಬೇಕು ಅಂತ ಯಾರೂ ಹೇಳಿರ್ಲಿಲ್ಲ ನೋಡ್ರಿ."

ವಾಪಸು ಬರುವ ಬಸ್ಸಿನಲ್ಲಿ ನಾನು ಕಿಟಕಿಗೆ ತಲೆಯಾನಿಸಿ ನಗುತ್ತಿದ್ದೆ. ಇದರಲ್ಲಿ ಗುರುನಾಥನದೇನೂ ಇರಲಿಲ್ಲ. ಪೂರ್ತಿ ನನ್ನದು.

ಒಂದು ತಿಂಗಳಾಗಿರಬಹುದು. ಕಮಲಾಪುರದ ವಯಸ್ಸಾದ ದಂಪತಿ ಅಂಗಡಿಗೆ ಬಂದು ನೇರ ಗುರುನಾಥನ ಹತ್ತಿರ ಹೋದರು. "ಗುರುನಾಥ, ಲಕ್ಷ್ಮೀಬಾಯಿ ಮನ್ಯಾಗ ಎಲ್ಲಾ ಹಚ್ಚಿ ಕೊಟ್ಟೀಯಲ್ಲ, ನಮಗೂ ಹಂಗೇ ಹಚ್ಚಿ ಕೊಡಪಾ." ನಾನು ಅಲ್ಲೇ ಮಿಕ್ಸರಿನ ಧೂಳು ಒರೆಸುತ್ತಿದ್ದೆ. ಕೈ ನಿಂತಿತು. ಅವನು ಏನು ಹೇಳುತ್ತಾನೋ ನೋಡೋಣ ಎಂದು ಕಾದೆ. ಹೂಂ ಎಂದುಬಿಡಲಿ ಎಂದು ಒಳಗೊಳಗೇ ಬಯಸಿದೆ ಕೂಡ. ಅವನು ಒಮ್ಮೆಯಾದರೂ ಕೆಟ್ಟವನಾಗಬೇಕಿತ್ತು ನನಗೆ.

"ಅದು ನಂದಲ್ರೀ ಕಾಕಾ!" ಎಂದು ಇಡೀ ಅಂಗಡಿಗೆ ಕೇಳುವಂತೆ ಕೂಗಿದ. "ಅದು ನಮ್ಮ ಶರಣಪ್ಪಣ್ಣಂದು. ನನಗ ಅಷ್ಟು ಎಲ್ಲಿ ಹೊಳೀತದ? ಅವ್ರನ್ನೇ ಕೇಳ್ರಿ."

ಸಾವ್ಕಾರ್ರು ಗಲ್ಲಾದಿಂದೆದ್ದು ಬಂದು ಬೆನ್ನು ತಟ್ಟಿದರು. ಗುರುನಾಥನ ಬೆನ್ನು. "ನೋಡ್ರಿ, ಎಂಥಾ ದೊಡ್ಡ ಮನಸು!" ಎಂದರು. ನನ್ನ ಕೆಲಸದ ಹೆಸರೂ ನನಗೆ ಅವನ ಕೈಯಿಂದ ದಾನವಾಗಿ ಬಂತು. ಆ ದಂಪತಿಗೆ ಮಷೀನು ತೋರಿಸುವಾಗ ನನ್ನ ಕಿವಿ ಸುಡುತ್ತಿತ್ತು.

ಮುಂದೊಂದು ದಿನ ಮಧ್ಯಾಹ್ನ, ಗುರುನಾಥ ನಂದೂರಿಗೆ ಮಷೀನು ಕೂಡಿಸಲು ಹೋಗಿದ್ದಾಗ, ತೆಳ್ಳಗಿನ ಹೆಂಗಸೊಬ್ಬರು ಬಂದು ಕೌಂಟರಿಗೆ ಕೈಯೂರಿ ನಿಂತರು. "ನಾ ಶಾಂತಾಬಾಯಿ ರೀ, ಗುರುನಾಥನ ಮನಿಯಾಕಿ."

"ಅವ್ರು ನಂದೂರಿಗೆ ಹೋಗ್ಯಾರವ್ವ."

"ಗೊತ್ತದ ರೀ. ಅದಕ್ಕೇ ಈಗ ಬಂದೀನಿ." ಸ್ವಲ್ಪ ಹೊತ್ತು ಸಾಲಾಗಿ ನಿಂತ ಮಷೀನುಗಳನ್ನು ನೋಡಿದರು. "ನನಗೊಂದು ಆರಿಸಿ ಕೊಡ್ರಿ."

ನನಗೆ ಅರ್ಥವಾಗಲಿಲ್ಲ. "ನಿಮ್ಮ ಮನ್ಯಾಗ ಮಷೀನ್ ಇಲ್ಲೇನವ್ವ?"

"ಎಲ್ಲೀದು ರೀ? ಕೇಳಿದಾಗೆಲ್ಲಾ ತಡಿ, ಇದಕ್ಕಿಂತ ಛಲೋದು ಬರ್ತದ ಅಂತಾರ. ಪ್ರತಿ ವರ್ಷ ಇದಕ್ಕಿಂತ ಛಲೋದು ಬಂದೇ ಬರ್ತದ. ಊರ ಮಂದಿ ನಡ, ಸೊಂಟ ಎಲ್ಲಾ ನೋಡ್ತಾರ, ಒಂದಿನ ನಂದೂ ನೋಡ್ತಾರ ಅಂತ ಕಾದೆ." ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಲಕ್ಷ್ಮೀಬಾಯಿ ಮನ್ಯಾಗ ನೀವು ಮಾಡಿದ್ದು ನೋಡೀನಿ. ನಂಗೂ ನೀವೇ ಮಾಡ್ರಿ. ಅವ್ರಿಗಿ ನಾನೇ ಹೇಳ್ತೀನಿ."

ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಗುರುನಾಥನ ಸ್ವಂತ ಹೆಂಡತಿ ಅವನನ್ನು ಬಿಟ್ಟು ನನ್ನ ಹತ್ತಿರ ಬಂದಿದ್ದರು. ಟವೆಲ್ ಎಸೆದು, ತೆಗೆಸಿ, ಇನ್ನೊಂದಕ್ಕೆ ಕರೆದೊಯ್ದು, ಒಂದು ಸೆಮಿಯನ್ನು ನಿಶ್ಚಯ ಮಾಡಿದೆ. ಕೌದಿಯಂಥ ಭಾರದ್ದನ್ನು ಇದರಲ್ಲಿ ಹಾಕಬೇಡಿ, ಒದ್ದೆಯಾದರೆ ಎತ್ತಲಾಗುವುದಿಲ್ಲ ಎಂದು ಹೇಳಿ ಕಳಿಸಿದೆ.

ಮರುದಿನ ಗುರುನಾಥ ಬಾಳೆಹಣ್ಣಿಲ್ಲದೆ ಬಂದ. ನನ್ನೆದುರು ನಿಂತು, "ನನಗ ಕೇಳಬಾರ್ದಾಗಿತ್ತೇನ್ರಿ ಆಕಿ?" ಎಂದ. ಇಂಥ ಒಂದು ಘಳಿಗೆಗೆ ನಾನು ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದೆ. ಆದರೆ "ಮಷೀನ್ ಇವತ್ತೇ ಹೋಗ್ತದ" ಎಂದೆ.

"ನಾನೂ ಬರ್ತೀನಿ."

ಟೆಂಪೋದಲ್ಲಿ ಮಷೀನಿನ ಜೊತೆ ಇಬ್ಬರೂ ಕಮಲಾಪುರಕ್ಕೆ ಹೋದೆವು. ಅವರ ಹಿತ್ತಿಲಲ್ಲಿ ನಾನು ಎಂದಿನಂತೆ ಶಾಂತಾಬಾಯಿಗೆ ಬಟ್ಟೆ ಒಗೆಯುವುದನ್ನು ಅಭಿನಯಿಸಿ ತೋರಿಸಿ ಎಂದೆ. ಆಕೆ ಒಂದು ಕೈಯನ್ನು ಮೊಣಕಾಲಿಗೆ ಕೊಟ್ಟು, ಬಕೀಟನ್ನು ಮೊದಲು ಕಲ್ಲಿಗೆ, ನಿಂತು ಉಸಿರೆಳೆದುಕೊಂಡು ಆಮೇಲೆ ಕಟ್ಟೆಗೆ ಎತ್ತಿಟ್ಟರು. ಗುರುನಾಥ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮೊದಲ ಬಸ್ಸಿಗೆ ಹೊರಡುವ ಮನುಷ್ಯ ಅದನ್ನು ಹಿಂದೆಂದೂ ನೋಡಿರಲಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು.

ಡ್ರಮ್ಮು, ಪೈಪು, ಸ್ವಿಚ್ಚು ಎಲ್ಲ ಆಯಿತು. ಬುಟ್ಟಿಯ ಸ್ಟೂಲು ಇಡುವಾಗ ಅವನು ಮುಂದೆ ಬಂದ. "ಇನ್ನ ಸ್ವಲ್ಪ ಮ್ಯಾಲ ಇರ್ಲಿ, ಶರಣಪ್ಪಣ್ಣ."

"ಮ್ಯಾಲಾದ್ರ ಎತ್ತುವಾಗ ಭುಜ ನೋಯ್ತದಪಾ."

"ಆಕಿ ಭುಜ ನನಗ ಗೊತ್ತಿಲ್ಲೇನ್ರಿ?" ದನಿ ಏರಿತು. ಅಷ್ಟು ವರ್ಷಗಳಲ್ಲಿ ಅವನು ದನಿ ಏರಿಸಿದ್ದು ಅದೊಂದೇ ಸಲ.

ಶಾಂತಾಬಾಯಿ ಇಬ್ಬರನ್ನೂ ನೋಡಿದರು. ಸ್ಟೂಲಿನ ಕೆಳಗೆ ಇಟ್ಟಿಗೆ ಇಟ್ಟು ಒಮ್ಮೆ, ತೆಗೆದು ಒಮ್ಮೆ, ಬುಟ್ಟಿಯಿಂದ ಸೀರೆ ಎತ್ತಿ ನೋಡಿದರು. "ಅಣ್ಣೋರು ಇಟ್ಟಿದ್ದೇ ಸರಿ ಅದ ರೀ" ಎಂದರು ಗಂಡನಿಗೆ.

ಮಷೀನು ಒಗೆದು, ಹಿಂಡಿ, ನಿಂತಿತು. ಆಕೆ ನೆಟ್ಟಗೆ ನಿಂತುಕೊಂಡೇ ಬಟ್ಟೆ ತೆಗೆದು ಹರವತೊಡಗಿದರು. ಗುರುನಾಥ ಸೀರೆಯ ಇನ್ನೊಂದು ಅಂಚು ಹಿಡಿಯಲು ಹೋದ. "ಬಿಡ್ರಿ, ನಂಗ ಬರ್ತದ" ಎಂದರು ಆಕೆ, ಮೆತ್ತಗೆ. ಅವನು ಹಿಂದೆ ಸರಿದು ಬಂದು ನನ್ನ ಪಕ್ಕದಲ್ಲಿ ಗೋಡೆಗೆ ಒರಗಿದ. ಕಣ್ಣು ಹೆಂಡತಿಯ ಮೇಲೇ ಇತ್ತು. ಕಣ್ಣಲ್ಲಿ ನೀರಿತ್ತು. ಹಾಗಿದ್ದೂ ನನ್ನ ಕಡೆ ತಿರುಗಿ, ತನ್ನ ಆ ಹಾಳು ನಗು ನಗುತ್ತ, "ಶರಣಪ್ಪಣ್ಣ, ಇವತ್ತ ನಿಮ್ಮ ಮ್ಯಾಲ ಹೊಟ್ಟಿ ಉರ್ಯಾಕತ್ತದ ನೋಡ್ರಿ ನಂಗ" ಎಂದ.

ಅವನಿಗೆ ಆ ಉರಿ ಹತ್ತಿದ್ದು ಅಂದು ಬೆಳಿಗ್ಗೆ. ಮಧ್ಯಾಹ್ನದೊಳಗೆ ನಗುತ್ತ ಎದುರಿಗೇ ಹೇಳಿ ಹಗುರಾಗಿಬಿಟ್ಟ. ನಾನು ಅದೇ ಮಾತನ್ನು ಅವನ ಪಕ್ಕದಲ್ಲೇ ನಿಂತು ಇಡೀ ನೌಕರಿಯುದ್ದಕ್ಕೂ ಹೊತ್ತಿದ್ದೆ, ಒಮ್ಮೆಯೂ ಬಾಯಿಗೆ ಬಂದಿರಲಿಲ್ಲ. ಅವನ ಗಿರಾಕಿಗಳು, ಅವನ ಕುರ್ಚಿ, ಅವನ ಹೈದರಾಬಾದು ಎಲ್ಲ ಈಗ ಮರೆತಿದ್ದೇನೆ. ಅಂದು ಅಷ್ಟು ಸಲೀಸಾಗಿ ಹೇಳಿಬಿಟ್ಟನಲ್ಲ, ಅದಕ್ಕೆ ಮಾತ್ರ ನನಗೆ ಇವತ್ತಿಗೂ ಅವನ ಮೇಲೆ ಹೊಟ್ಟೆಕಿಚ್ಚು.